ದಾರಿಗೆ ಕಟ್ಟಿದ ಸೊಪ್ಪು

"ಗುರುಗಳೇ, ಕಾಲು ಸವೆಯುವಷ್ಟು ತಿರುಗಿದ್ದೇನೆ. ಬೆಟ್ಟ ನೋಡಿದೆ, ಕಡಲು ನೋಡಿದೆ, ಕಾಡು ನೋಡಿದೆ. ಬಂದು ಕೂತರೆ ಒಂದೂ ಕಣ್ಣ ಮುಂದೆ ನಿಲ್ಲುವುದಿಲ್ಲ. ನೋಡುವುದು ಎಂದರೆ ಏನು?" ಎಂದು ಶಿಷ್ಯ ಮರಿದೇವ ಕೇಳಿದ.

ಗುರುಗಳು ಚಪ್ಪಲಿಯ ಧೂಳು ಕೊಡವಿ ಪಕ್ಕಕ್ಕಿಟ್ಟು ಹೇಳತೊಡಗಿದರು.

ಬಯಲುಸೀಮೆಯಲ್ಲಿ ಒಬ್ಬ ವ್ಯಾಪಾರಿಯಿದ್ದ. ಅವನ ತಾಯಿಗೆ ಕಣ್ಣು ಮಂಜಾಗುತ್ತ ಬಂದಿತ್ತು. ಇನ್ನು ಹೆಚ್ಚು ಕಾಲ ಕಾಣಿಸದು ಎಂದು ವೈದ್ಯರು ಹೇಳಿಬಿಟ್ಟಿದ್ದರು. ಮುದುಕಿ ಅತ್ತು ಕರೆಯಲಿಲ್ಲ. ಕತ್ತಲಾಗುವ ಮುಂಚೆ ಕಡಲ ಹಕ್ಕಿಗಳನ್ನು ಒಂದು ಸಲ ಕಣ್ತುಂಬ ನೋಡಬೇಕು ಎಂದಳು, ಅಷ್ಟೆ. ಮಗ ಅಂಗಡಿ ಮುಚ್ಚಿ ಅವಳನ್ನು ಕಡಲಂಚಿನ ಒಂದು ರಾಷ್ಟ್ರೀಯ ಉದ್ಯಾನಕ್ಕೆ ಕರೆದುಕೊಂಡು ಹೋದ.

ಅದು ಸರಕಾರ ಕಾಯುವ ಕಾಡು. ಒಳಗೆ ವಾಹನ ಬಿಡುವುದಿಲ್ಲ, ಕಾಲುದಾರಿಯಲ್ಲೇ ಹೋಗಬೇಕು. ಬಾಗಿಲಲ್ಲಿದ್ದ ಕಾವಲುಗಾರ ದಾರಿ ತೋರಿಸಿದ. ಜಿಂಕೆ ಎದುರಾದರೆ ಸದ್ದು ಮಾಡಬೇಡಿ ಎಂದ, ಮಂಗಗಳ ಕಣ್ಣಿಗೆ ಬುತ್ತಿ ಬೀಳದಿರಲಿ ಎಂದ. ಒಂದು ಮಾತು ಮಾತ್ರ ಹೇಳಲಿಲ್ಲ. ಅದು ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡಿದ್ದ.

ತಾಯಿಯ ಕೈ ಹಿಡಿದು ಮಗ ನಡೆದ. ಜಿಂಕೆ ಬಂದು ಹೋಯಿತು. ಅವಳಿಗೆ ಏನೋ ಅಲುಗಾಡಿದ್ದಷ್ಟೇ ಕಂಡಿತು. ಮರದ ಮೇಲೆ ಮಂಗ ಇದೆ ಎಂದರೆ, ನೀನು ಚಿಕ್ಕವನಿದ್ದಾಗ ಕೂರುತ್ತಿದ್ದ ಹಾಗೆಯೇ ಕೂತಿರಬೇಕು ಬಿಡು ಎಂದು ನಕ್ಕಳು. ಕಾಡು ಮುಗಿದು ಮರಳು ಶುರುವಾಗುವಲ್ಲಿ ಎರಡು ಮರಗಳ ನಡುವೆ ಹಗ್ಗ ಬಿಗಿದು, ಅದರ ತುಂಬ ಹಸಿರು ಸೊಪ್ಪು ಸಿಕ್ಕಿಸಿದ್ದರು.

"ಅವ್ವಾ, ನೀನು ಬರುತ್ತೀ ಎಂದು ತೋರಣ ಕಟ್ಟಿದ್ದಾರೆ" ಎಂದ ಮಗ. ಅವಳು ಬಗ್ಗುವುದು ಬೇಡವೆಂದು ಹಗ್ಗವನ್ನು ಎತ್ತಿ ಹಿಡಿದ.

ಅವರ ಊರಲ್ಲಿ ಸೊಪ್ಪು ಕಟ್ಟಿದರೆ ಬನ್ನಿ ಎಂದರ್ಥ. ಆ ಕಾಡಿನಲ್ಲಿ ಬರಬೇಡಿ ಎಂದರ್ಥ.

ಮರಳಿನ ನಡುವೆ ಬಂದರೋ ಇಲ್ಲವೋ, ಬಿಳಿ ಹಕ್ಕಿಗಳ ಹಿಂಡು ಒಮ್ಮೆಲೇ ಎದ್ದು ತಲೆಯ ಮೇಲೆ ಸುತ್ತುತ್ತ ಕೂಗತೊಡಗಿತು. ಅಷ್ಟು ಕೆಳಗೆ ಬಂದದ್ದರಿಂದಲೇ ಮುದುಕಿಗೆ ಅವು ಕಂಡವು. ರೆಕ್ಕೆ ಕಂಡಿತು, ಕೊಕ್ಕು ಕಂಡಿತು. ಮುಖ ಮೇಲೆತ್ತಿ ನಿಂತೇಬಿಟ್ಟಳು.

ಕೂಗು ಕೇಳಿ ಕಾವಲುಗಾರ ಓಡಿ ಬಂದ. ಗದರಲು ಬಾಯಿ ತೆರೆದವನು ಆ ಮುಖ ನೋಡಿ, ಇಲ್ಲಿಗೆ ಬರುವಂತಿಲ್ಲ ಎಂದಷ್ಟೇ ಹೇಳಿದ. ಮಗ ತಗ್ಗಿದ ದನಿಯಲ್ಲಿ ತಾಯಿಯ ಕಣ್ಣಿನ ವಿಷಯ ತಿಳಿಸಿ, ಇನ್ನೊಂದು ಗಳಿಗೆ ನಿಲ್ಲಲು ಬಿಡಿ ಎಂದು ಕೈಮುಗಿದ. ಕಾವಲುಗಾರ ಒಮ್ಮೆ ಹಕ್ಕಿಗಳನ್ನು, ಒಮ್ಮೆ ಮುದುಕಿಯನ್ನು ನೋಡಿದ.

ಮುದುಕಿಯೇ ಕೇಳಿದಳು. "ಇಷ್ಟೊಂದು ಮಾತಾಡುತ್ತವಲ್ಲಪ್ಪ, ಏನು ಹೇಳುತ್ತಿವೆ?"

"ಕಾಲ ಕೆಳಗೆ ನೋಡಿ ಎನ್ನುತ್ತಿವೆ, ಅಮ್ಮಾ. ಮರಳಲ್ಲೇ ಮೊಟ್ಟೆ ಇಟ್ಟಿವೆ. ಅವು ಎದ್ದು ಹೋದರೆ ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ತಪ್ಪು ನನ್ನದು, ಸೊಪ್ಪು ಕಂಡಲ್ಲಿ ನಿಲ್ಲಿ ಎಂದು ನಾನು ಹೇಳಬೇಕಿತ್ತು."

ಮುದುಕಿ ಮೇಲೆತ್ತಿದ್ದ ಮುಖವನ್ನು ನೆಲದತ್ತ ಇಳಿಸಿದಳು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಳು.

ಮಗನಿಗೆ ತಡೆಯಲಾಗಲಿಲ್ಲ. "ನಾನು ಎತ್ತಿಕೊಂಡು ನಡೆಯುತ್ತೇನೆ ಅವ್ವಾ, ನೀನು ಮೇಲೆ ನೋಡುತ್ತಿರು" ಎಂದ.

"ನನ್ನನ್ನು ಎತ್ತಿಕೊಂಡರೆ ನಿನಗೆ ನೆಲ ಹೇಗಪ್ಪ ಕಂಡೀತು?" ಎಂದಳು.

ಕಾವಲುಗಾರ ಮುಂದೆ, ಅವಳು ಹಿಂದೆ, ಕೊನೆಗೆ ಮಗ, ಮರಗಳತ್ತ ಹೊರಟರು. ಮರಳಿನ ಬಣ್ಣವೇ ಮೊಟ್ಟೆಗೂ ಇತ್ತು. ಸೊಂಟ ಬಗ್ಗಿಸಿ, ಕಣ್ಣಿನಲ್ಲಿ ಉಳಿದಿದ್ದ ಬೆಳಕನ್ನೆಲ್ಲ ನೆಲಕ್ಕೆ ಹಾಕಿ, ಅವನ ಹೆಜ್ಜೆಯ ಗುರುತು ಹುಡುಕಿ ಹುಡುಕಿ ಅದರೊಳಗೇ ಕಾಲಿಟ್ಟಳು. ಅವಳು ಕಾಣಬೇಕೆಂದು ಬಂದ ಹಕ್ಕಿಗಳು ಮೊಟ್ಟೆಗಳ ಮೇಲೇ ಕಣ್ಣಿಟ್ಟು ಇನ್ನೂ ತಲೆಯ ಮೇಲೇ ಸುತ್ತುತ್ತಿದ್ದವು. ಅವಳು ಒಂದು ಸಲವೂ ತಲೆ ಎತ್ತಲಿಲ್ಲ.

ಮರದ ನೆರಳಿಗೆ ಬರುವಷ್ಟರಲ್ಲಿ ಕೂಗು ನಿಂತಿತ್ತು, ಹಕ್ಕಿಗಳು ಮೊಟ್ಟೆಯ ಮೇಲೆ ಕೂತಿದ್ದವು. ಅಷ್ಟು ದೂರದಿಂದ ಅವಳಿಗೆ ಬರೀ ಬಿಳಿ ಮಂಜು. ಜಾರಿದ್ದ ಸೊಪ್ಪನ್ನು ಕೈಯಲ್ಲೇ ತಡವಿ ಹಗ್ಗಕ್ಕೆ ಸರಿಯಾಗಿ ಸಿಕ್ಕಿಸಿ, ಹೋಗೋಣ ಎಂದಳು.

ಕತೆ ಅಲ್ಲಿಗೆ ನಿಂತಿತು. ಮರಿದೇವ ಕೇಳಿದ.

"ಅಷ್ಟು ದೂರದಿಂದ ಬಂದವಳು ನೆಲ ನೋಡಿಕೊಂಡು ಹೋದಳಲ್ಲ, ಗುರುಗಳೇ. ಕೊನೆಗೆ ಅವಳು ನೋಡಿದ್ದಾದರೂ ಏನನ್ನು?"

ಗುರುಗಳು ಚಪ್ಪಲಿ ಮೆಟ್ಟಿ ಎದ್ದರು.

"ಹಕ್ಕಿಗಳು ನೋಡುತ್ತಿದ್ದುದನ್ನು."