ಕುಂಕುಮ ಹಚ್ಚಿಸಿಕೊಂಡ ಹಿಡಿಕೆ

ಪುಟ್ಟತಾಯಮ್ಮನವರಿಗೆ ಎಂಬತ್ತು ತುಂಬಿದಾಗ ಮಗಳು ಬಚ್ಚಲುಮನೆಯ ಗೋಡೆಗೆ ಒಂದು ಸ್ಟೀಲ್ ಹಿಡಿಕೆ ಹಾಕಿಸಿದಳು, ಅಮ್ಮ ಜಾರಿದರೆ ಹಿಡಿದುಕೊಳ್ಳಲಿ ಎಂದು. ಪುಟ್ಟತಾಯಮ್ಮನವರು ಅದರ ಮೇಲೆ ಒದ್ದೆ ಸೀರೆ ಹರವಿದರು.

ಹಿಡಿಕೆಗೆ ಮೈಯೆಲ್ಲ ಉರಿದುಹೋಯಿತು. "ಹಂಡೆಯಣ್ಣಾ, ನಾನು ಮನುಷ್ಯರನ್ನು ಕಾಪಾಡಲು ಬಂದವನು. ನನ್ನನ್ನು ಬಟ್ಟೆ ಒಣಹಾಕುವ ಹಗ್ಗ ಮಾಡಿದ್ದಾರಲ್ಲ!"

ಮೂಲೆಯಲ್ಲಿದ್ದ ತಾಮ್ರದ ಹಂಡೆ ಗತ್ತಿನಿಂದ ಹೇಳಿತು, "ತಮ್ಮಾ, ಈ ಮನೆಯಲ್ಲಿ ಕುಂಕುಮ ಬೀಳುವವರೆಗೆ ಯಾರಿಗೂ ಮರ್ಯಾದೆಯಿಲ್ಲ. ನನ್ನನ್ನು ನೋಡು, ದೀಪಾವಳಿಗೆ ನೀರು ತುಂಬುವ ದಿನ ನನಗೆ ಪೂಜೆಯಾಗುತ್ತದೆ."

ಮರುವಾರ ಪುಟ್ಟತಾಯಮ್ಮನವರು ಸೋಪಿನ ಮೇಲೆ ಕಾಲಿಟ್ಟು ಜಾರಿದರು. ಸೀರೆಸಮೇತ ಹಿಡಿಕೆ ಕೈಗೆ ಸಿಕ್ಕಿತು, ಸೊಂಟ ಉಳಿಯಿತು. "ನೀನೇ ನನ್ನ ಪಾಲಿನ ದೇವರು ಕಣಪ್ಪಾ!" ಎಂದವರು ಸ್ನಾನ ಮುಗಿಸಿ ಬಂದು, ಸೀರೆ ತೆಗೆದು, ಹಿಡಿಕೆಗೆ ಅರಿಸಿನ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿ ಕೈಮುಗಿದರು. ಆ ದಿನವೆಲ್ಲ ಹಿಡಿಕೆ ಹಂಡೆಯ ಕಡೆ ತಿರುಗಿಯೂ ನೋಡಲಿಲ್ಲ.

ಮಾರನೆಯ ಬೆಳಿಗ್ಗೆ ಮತ್ತೆ ಕಾಲು ಜಾರಿತು. ಅವರ ಕೈ ಹಿಡಿಕೆಯ ಹತ್ತಿರ ಬಂದು, ಕುಂಕುಮ ಕಂಡು, ಸರಕ್ಕನೆ ಹಿಂದೆ ಹೋಯಿತು.

"ಅಯ್ಯೋ, ಸ್ನಾನ ಆಗದೆ ದೇವರನ್ನ ಮುಟ್ಟೋದೇ!" ಎನ್ನುತ್ತ ಅವರು ಧಡಾರನೆ ಹಂಡೆಯ ಮೇಲೆ ಬಿದ್ದು ಅದನ್ನು ತಬ್ಬಿಕೊಂಡರು. ನೀರು ಇನ್ನೂ ಕಾದಿರಲಿಲ್ಲ, ಪುಣ್ಯ. ಹಂಡೆಯ ಹೊಟ್ಟೆ ಮಾತ್ರ ನೆಗ್ಗಿಹೋಯಿತು.

"ಹೇಗಿದೆ ತಮ್ಮಾ ಮರ್ಯಾದೆ?" ಎಂದು ಹಂಡೆ ನರಳಿತು.

"ಅಣ್ಣಾ," ಎಂದಿತು ಹಿಡಿಕೆ, "ಒದ್ದೆ ಸೀರೆ ಹೊತ್ತಿದ್ದಾಗಲಾದರೂ ನಾನು ಅವರ ಕೈಗೆ ಸಿಗುತ್ತಿದ್ದೆ."