ಸ್ವಿಚ್ಚಿನ ಪಾಸ್‌ವರ್ಡು ಮತ್ತು ತಿಪ್ಪೇಶ

ಚಳ್ಳಕೆರೆಯಲ್ಲಿ ಒಬ್ಬ ತಾಯಿ, ಅವಳಿಗೊಬ್ಬ ಮಗ. ತಾಯಿ ಅನಸೂಯಮ್ಮ ಬಿ.ಎ. ಓದಿದವಳು. ಹಸು ಕರು ಹಾಕಿದ್ದಕ್ಕೂ, ಗಡಿಯಾರಕ್ಕೆ ಸೆಲ್ ಹಾಕಿಸಿದ್ದಕ್ಕೂ ತಾರೀಖು ಬರೆದಿಡುವವಳು. ಮಗ ತಿಪ್ಪೇಶ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. "ಬಾಗಿಲು ನೋಡ್ಕೊಂಡಿರು" ಅಂದರೆ, ಕಳ್ಳ ಕಿಟಕಿಯಿಂದ ಬಂದು ಹೋದರೂ ಬಾಗಿಲನ್ನೇ ನೋಡುತ್ತಿರುವವನು!

ಇಪ್ಪತ್ತಾರು ತುಂಬಿದರೂ ಯಾವ ಕೆಲಸದಲ್ಲೂ ಅವನಿಗೆ ತಿಂಗಳು ತುಂಬಿರಲಿಲ್ಲ. ಕೊನೆಗೆ ಕಂಬಳಿ ನೇಕಾರರ ಸೊಸೈಟಿಯ ಸೆಕ್ರೆಟರಿ ಓಬಳೇಶಪ್ಪನವರು, "ಒಂದು ತಿಂಗಳು ನೋಡಾಣ ಕಣಮ್ಮ. ಸರಿಹೋದ್ರೆ ಕಾಯಂ ಮಾಡ್ತೀನಿ" ಅಂದರು. ಆ ಮಾತಿಗೇ ಅನಸೂಯಮ್ಮನ ಕಣ್ಣು ತುಂಬಿತು. ಒಂದು ತಿಂಗಳು ದಾಟಿಬಿಟ್ಟರೆ ಸಾಕು!

ಸೊಸೈಟಿಯಲ್ಲಿ ನಾಲ್ಕು ಕಂಪ್ಯೂಟರು. ನಾಲ್ಕರ ತಂತಿಯೂ ಗೋಡೆಯ ಮೇಲಿನ ಒಂದು ಪೆಟ್ಟಿಗೆಗೆ ಬಂದು ಸೇರುತ್ತಿತ್ತು. ಅದಕ್ಕೆ ಸ್ವಿಚ್ ಅಂತ ಹೆಸರು. ಹೊಸ ಮಳಿಗೆಯ ಕಂಪ್ಯೂಟರನ್ನೂ ಅದಕ್ಕೆ ಸೇರಿಸಬೇಕು. ಸೇರಿಸಲು ಪಾಸ್‌ವರ್ಡು ಬೇಕು. ಪಾಸ್‌ವರ್ಡು ಯಾರಿಗೂ ನೆನಪಿಲ್ಲ!

"ತಿಪ್ಪೇಶ, ಅದೆಲ್ಲಿದೆಯೋ ಹುಡುಕಯ್ಯ" ಅಂದರು ಓಬಳೇಶಪ್ಪ.

ತಿಪ್ಪೇಶ ಹುಡುಕಿದ. ಗೋದಾಮಿಗೆ ಹೋಗಿ ಮುನ್ನೂರು ಕಂಬಳಿ ಕೊಡವಿ ಹುಡುಕಿದ. ಊರೆಲ್ಲ ಸೀನಿತು.

"ಅಯ್ಯೋ ಪೆದ್ದಾ!" ಅಂದಳು ತಾಯಿ. "ಮರೆತದ್ದನ್ನ ಹುಡುಕೋದಲ್ಲ, ಇಟ್ಟವರನ್ನ ಕೇಳೋದು! ನೆನಪಾಗೋವರೆಗೂ ಬಿಡಬಾರದು!"

"ಹಂಗೇ ಆಗಲಿ ಕಣವ್ವ!"

ಪಾಸ್‌ವರ್ಡು ಇಟ್ಟವನು ಹಳೆಯ ಮೆಕ್ಯಾನಿಕ್ ಮಲ್ಲಣ್ಣ. ತಿಪ್ಪೇಶ ಹೋಗಿ ಅವನ ಕೈ ಹಿಡಿದ. ಮಲ್ಲಣ್ಣ ಅಂಗಡಿಗೆ ಹೋದರೆ ಜೊತೆಗೆ ಹೋದ, ಊಟಕ್ಕೆ ಕೂತರೆ ಪಕ್ಕದಲ್ಲಿ ಕೂತ, ಕ್ಷೌರಕ್ಕೆ ಹೋದರೂ ಕೈ ಬಿಡಲಿಲ್ಲ.

"ನೆನಪಿಲ್ಲ ಮಾರಾಯ!"

"ನೆನಪಾಗಲಿ ಅಣ್ಣ, ಕಾಯ್ತೀನಿ!"

ಮಲ್ಲಣ್ಣ ಒಳ್ಳೆಯವನು. ಎಡಗೈಯಲ್ಲೇ ಒಂದು ಚೀಟಿ ಬರೆದುಕೊಟ್ಟ. "ಪೆಟ್ಟಿಗೆಯ ಕರೆಂಟು ತೆಗಿ. ಮುಂದಿರೋ ಗುಂಡಿ ಒತ್ತಿ ಹಿಡಿ. ಹಿಡಿದುಕೊಂಡೇ ಕರೆಂಟು ಕೊಡು. ದೀಪ ಮಿನುಗಿದಾಗ ಬಿಡು. ಮುಂದಿನದಕ್ಕೆ ನಾನೇ ಬರ್ತೀನಿ. ಈಗ ನನ್ನ ಬಿಡು!"

"ಅಯ್ಯೋ ಪೆದ್ದಾ!" ಅಂದಳು ತಾಯಿ. "ಯಾರನ್ನೂ ಹಂಗೆ ಹಿಡ್ಕೊಂಡು ಕೂರಬಾರದು! ಒಂದು ಸಲ ಮೆಲ್ಲಗೆ ಕೈ ಮುಟ್ಟಿಸಿ, ನಮಸ್ಕಾರ ಹೇಳಿ ಬಂದುಬಿಡಬೇಕು!"

"ಹಂಗೇ ಆಗಲಿ ಕಣವ್ವ!"

ಮರುದಿನ ತಿಪ್ಪೇಶ ಸ್ವಿಚ್ಚಿನ ಮುಂದೆ ನಿಂತ. ಗುಂಡಿಗೆ ಮೆಲ್ಲಗೆ ಬೆರಳು ಮುಟ್ಟಿಸಿದ. "ನಮಸ್ಕಾರ" ಅಂದ. ಮನೆಗೆ ಬಂದ.

ಹಿಂದೆಯೇ ಓಬಳೇಶಪ್ಪನವರ ಫೋನು. "ನಾಳೆ ಸಂಜೆಯೊಳಗೆ ಆಗಲಿಲ್ಲ ಅಂದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗುತ್ತೆ ತಾಯಿ. ಕಮಿಟಿಯವರು ಬಿಡಾಕಿಲ್ಲ."

ಅನಸೂಯಮ್ಮ ಫೋನಿಟ್ಟು ಮಗನತ್ತ ತಿರುಗಿದಳು. "ಅಯ್ಯೋ ಪೆದ್ದಾ, ಪೆದ್ದಾ! ಗುಂಡಿಯನ್ನ ಒತ್ತಿ ಹಿಡ್ಕೋ! ದೀಪ ಮಿನುಗೋವರೆಗೂ ಹಿಡ್ಕೋ! ಯಾರು ಕರೆದರೂ ಬಿಡಬೇಡ!"

ಆ ಗಡಿಬಿಡಿಯಲ್ಲಿ, ಮೊದಲು ಕರೆಂಟು ತೆಗೆಯಬೇಕು ಅನ್ನುವುದನ್ನು ಅವಳೂ ಮರೆತಳು.

ತಿಪ್ಪೇಶ ಬೆಳಿಗ್ಗೆ ಒಂಬತ್ತಕ್ಕೆ ಗುಂಡಿ ಒತ್ತಿದ. ಹತ್ತಾಯಿತು, ಬಿಡಲಿಲ್ಲ. ಹನ್ನೊಂದಾಯಿತು, ಬಿಡಲಿಲ್ಲ. ಓಬಳೇಶಪ್ಪ ಕರೆದರು, ಬಿಡಲಿಲ್ಲ. ಮಧ್ಯಾಹ್ನ ಅನಸೂಯಮ್ಮ ಬುತ್ತಿ ತಂದಳು. ನಿಂತಲ್ಲೇ ಬಾಯಿ ತೆರೆದ, ಅವಳೇ ಮುದ್ದೆ ಮುರಿದು ತಿನ್ನಿಸಿದಳು. ಸಿಬ್ಬಂದಿಯವರು ನಕ್ಕರು. ಅವಳು ತಲೆ ಎತ್ತದೆ ಅಲ್ಲೇ ಕೂತಳು.

ಎರಡು ಗಂಟೆಗೆ, ಎಂದಿನಂತೆ, ಊರಿಗೆಲ್ಲ ಕರೆಂಟು ಹೋಯಿತು! ತಿಪ್ಪೇಶ ಬಿಡಲಿಲ್ಲ. ಮೂರಕ್ಕೆ ಕರೆಂಟು ಬಂತು! ತಿಪ್ಪೇಶ ಬಿಡಲಿಲ್ಲ. ಪೆಟ್ಟಿಗೆಯ ದೀಪ ಮಿಣಕ್ ಮಿಣಕ್ ಅಂತ ಮಿನುಗಿತು!

"ಅವ್ವಾ! ಮಿನುಗಿತು ಕಣವ್ವ!"

ಆಗ ಬಿಟ್ಟ.

ಮಲ್ಲಣ್ಣ ಓಡಿ ಬಂದ, ಹಳೆಯ ಪಾಸ್‌ವರ್ಡನ್ನು ಅಳಿಸಿದ, "ಹೊಸದನ್ನ ನೀನೇ ಇಡು ತಿಪ್ಪೇಶ" ಅಂದ. ತಿಪ್ಪೇಶ ಇಟ್ಟ. ಹೊಸ ಮಳಿಗೆಯ ಕಂಪ್ಯೂಟರೂ ಸೇರಿತು. ಅನಸೂಯಮ್ಮ ಓಬಳೇಶಪ್ಪನವರಿಗೆ ಕೈ ಮುಗಿದಳು, ಮಲ್ಲಣ್ಣನಿಗೆ ಕೈ ಮುಗಿದಳು, ಹೋಗಿ ಬಂದ ಕರೆಂಟಿಗೂ ಕೈ ಮುಗಿದಳು.

"ಪಾಸ್‌ವರ್ಡನ್ನ ಯಾರಿಗೂ ಹೇಳಬೇಡ" ಅಂದರು ಓಬಳೇಶಪ್ಪ.

"ಮರೆಯಲೂ ಬೇಡ" ಅಂದಳು ತಾಯಿ. "ಕಾಗದದ ಮೇಲಾದರೆ ಇಲಿ ತಿನ್ನುತ್ತೆ. ಬಾಳಿಕೆ ಬರೋಂಥದ್ದರ ಮೇಲೆ ಹಾಕಿಸಿಡು. ಒಂದೇ ಪ್ರತಿ ಸಾಲದು!"

"ಹಂಗೇ ಆಗಲಿ ಕಣವ್ವ!"

ತಿಂಗಳು ತುಂಬಿತು. ಕೆಲಸ ಕಾಯಂ ಆಯಿತು! ಸೊಸೈಟಿಯ ಪದ್ಧತಿಯಂತೆ ಓಬಳೇಶಪ್ಪನವರು ಎಲ್ಲರೆದುರು ಅನಸೂಯಮ್ಮನಿಗೆ ಕಂಬಳಿ ಹೊದಿಸಿದರು. "ಇಂಥ ಮಗನ್ನ ಕೊಟ್ಟಿದ್ದೀರಿ, ನಾವು ನಿಮಗೆ ಋಣಿ ತಾಯಿ" ಅಂದರು. ಚಪ್ಪಾಳೆಯೋ ಚಪ್ಪಾಳೆ! ಅವಳು ಕಣ್ಣೊರೆಸಲು ಕಂಬಳಿಯ ಅಂಚು ಎತ್ತಿದಳು. ಅಂಚಿನ ಮೇಲೆ ಬಿಳಿ ದಾರದಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ಅವಳದೇ ಹೆಸರು!

"ನನ್ನ ಹೆಸರೇನೋ ಕಂದ!"

"ಹ್ಞೂಂ ಕಣವ್ವ! ನಿನ್ನ ಹೆಸರನ್ನೇ ಇಟ್ಟೆ!"

ಹೆಸರಿನ ಮುಂದೆ ನಾಲ್ಕು ಅಂಕಿ. ಅದರ ಕೆಳಗೆ ಸಣ್ಣಗೆ: "ಇದು ಸ್ವಿಚ್ಚಿನ ಪಾಸ್‌ವರ್ಡು."

ಚಪ್ಪಾಳೆ ನಿಂತಿತು.

"ಯಾರಿಗೂ ಹೇಳಬೇಡ ಅಂದಿದ್ನಲ್ಲೋ!" ಅಂದರು ಓಬಳೇಶಪ್ಪ.

"ಹೇಳಿಲ್ಲ ಸಾರ್! ಹೊಲಿಸಿದ್ದಷ್ಟೇ!"

"ಎಷ್ಟು ಪ್ರತಿ ಹಾಕಿಸಿದೆಯೋ?" ಅಂದಳು ತಾಯಿ, ನಿಧಾನವಾಗಿ.

"ನಲವತ್ತು ಕಣವ್ವ! ಇದೊಂದು ನಿನಗೆ. ಮಿಕ್ಕದ್ದೆಲ್ಲ ಬೆಳಿಗ್ಗೆ ಲಾರಿಗೆ ಹಾಕಿ ಸಂತೆಗಳಿಗೆ ಕಳಿಸಿದೆ. ಇನ್ನು ಜಿಲ್ಲೆಯಲ್ಲಿ ಯಾರನ್ನ ಕೇಳಿದರೂ ಹೇಳ್ತಾರೆ!"