ನಶ್ಯ ಸೇದೋ ಅತ್ತೆ

ಹತ್ತಿರ ಬನ್ನಿ, ಮೆಲ್ಲಗೆ ಹೇಳ್ತೀನಿ. ಇದು ನಮ್ಮಿಬ್ಬರಲ್ಲೇ ಇರಲಿ, ನನ್ನಾಣೆ.

ನಮ್ಮ ವಠಾರಕ್ಕೆ ಕಂಡಕ್ಟರ್ ಹೆಂಡತಿಯೊಬ್ಬಳು ಹೊಸದಾಗಿ ಬಂದಳು. ಬಂದ ದಿನವೇ ಹೆಪ್ಪಿಗೆ ಮೊಸರು ಕೇಳಿದಳು. ನಾನು ಬಟ್ಟಲು ಕೊಡದೆ ಹಿಡಿದುಕೊಂಡೇ ವಿಚಾರಿಸಿದೆ: "ಏನು ತಿಂತೀರಿ? ಯಾವ ದೇವರ ಒಕ್ಕಲು? ಮಕ್ಕಳು ಯಾಕಾಗಿಲ್ಲ? ಅತ್ತೆ ಮನೆ ಯಾಕೆ ಬಿಟ್ರಿ?" ಹೇಳದವರಿಗೆ ಈ ವಠಾರದಲ್ಲಿ ಯಾರೂ ಹೆಪ್ಪು ಕೊಡೋಲ್ಲ ಅಂತಲೂ ಅಂದೆ.

ಅವಳು ತಲೆ ತಗ್ಗಿಸಿದಳು. "ಯಾರಿಗೂ ಹೇಳ್ಬೇಡಿ ಅಜ್ಜಿ. ನಮ್ಮತ್ತೆ ನಶ್ಯ ಸೇದಿ, ಕುದಿಯೋ ಸಾರಿಗೇ ಸೀನ್ತಾರೆ. ಅದಕ್ಕೇ ಬಂದ್ವಿ."

ನಾನು ಯಾರಿಗೆ ಹೇಳಲಿ? ನಲ್ಲಿ ಹತ್ತಿರ ಸಿಕ್ಕವರಿಗೆ ಹೇಳಿದೆ, ಅಷ್ಟೇ.

ಮರುದಿನ ನೀರು ಹಿಡಿಯುವಾಗ ಓನರ್ ಹೆಂಡತಿ ಅವಳನ್ನು ಕೇಳಿಯೇಬಿಟ್ಟಳು. "ಏನಮ್ಮಾ, ನಿಮ್ಮತ್ತೆ ಸೀನು ನಿಂತಿತಾ?"

ಎಲ್ಲರೂ ನಕ್ಕರು. ಅವಳೂ ನಕ್ಕಳು.

"ನನಗೆ ಅತ್ತೇನೇ ಇಲ್ಲ. ಮದುವೆಗೆ ಮುಂಚೆಯೇ ತೀರಿಕೊಂಡ್ರು. ಈ ನಶ್ಯದ ಅತ್ತೆಯನ್ನ ಅಜ್ಜಿ ಒಬ್ಬರಿಗೇ ಕೊಟ್ಟಿದ್ದೆ. ಪಕ್ಕದ ಮನೆ ಚನ್ನಾಜಮ್ಮನವರೂ ಕೇಳಿದ್ರು. ಅವರಿಗೆ ಸಕ್ಕರೆ ಡಬ್ಬಕ್ಕೆ ಬೀಗ ಹಾಕೋ ಅತ್ತೆಯನ್ನ ಕೊಟ್ಟೆ. ಆ ಅತ್ತೆ ಇನ್ನೂ ಅವರ ಹೊಸಿಲು ದಾಟಿಲ್ಲ. ಮನೆ ಮಾತು ಯಾರ ಹತ್ತಿರ ಆಡಬಹುದು ಅಂತ ನನಗೂ ಗೊತ್ತಾಗಬೇಕಲ್ವಾ?"

ನನ್ನ ಬಿಂದಿಗೆ ತುಂಬಿ ಹರೀತಿತ್ತು. ಚನ್ನಾಜಮ್ಮ ಮಾತ್ರ ನಗಲಿಲ್ಲ. ಹತ್ತಿರ ಬಂದು, ನನ್ನ ಮುಖ ನೋಡಿಯೇ ಕೇಳಿದಳು:

"ಅಕ್ಕಾ, ನನ್ನ ಮಗಳ ವಿಷಯ ನಿಮ್ಮೊಬ್ಬರಿಗೇ ಹೇಳಿದ್ದೆ. ಅದೀಗ ಯಾರ್ಯಾರ ಮನೇಲಿದೆ?"